ಗುಮ್ಮಟದ ಅಡಿಯಲ್ಲಿ ಏನಿತ್ತು?

1994ರ ಜೂನ್. ಯಲ್ಲಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನನ್ನ ಮಾಸ್ತರಿಕೆಯ ಮೊದಲ ವಾರ. ಸಿದ್ದಾಪುರದ ಹಳ್ಳಿಯವನಾದ ನಾನು ಶಿರಸಿಯಲ್ಲಿ ಬಿ.ಎಸ್ಸಿ. ಓದಿ, ಬಿ.ಇಡ್. ಮುಗಿಸಿ, ‘ಗೊತ್ತಿಲ್ಲ’ ಎಂಬ ಮಾತನ್ನು ಮಾತ್ರ ತರಗತಿಯಲ್ಲಿ ಆಡಕೂಡದೆಂದು ತೀರ್ಮಾನಿಸಿ ಬಂದಿದ್ದೆ. ಹೊರಗೆ ಜಡಿಮಳೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಕೈಗಾದಲ್ಲಿ ಬಿದ್ದ ಗುಮ್ಮಟದ ಅಡಿಯಲ್ಲಿ ಏನಿತ್ತು?’ ಎಂದು ಕೇಳಿದಳು.

ಗುಮ್ಮಟ ಬಿದ್ದದ್ದು ಅದೇ ಮೇ 13ರಂದು. ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದಿಂದ ನೂರು ಟನ್ನಿಗೂ ಹೆಚ್ಚು ಕಾಂಕ್ರೀಟು ಕಳಚಿ ಬಿತ್ತು. ಹದಿನಾಲ್ಕು ಕೆಲಸಗಾರರು ಗಾಯಗೊಂಡರು. ಕೈಗಾ ಎಂದರೆ ನಮ್ಮ ಕಡೆ ಮೊದಲೇ ಕಾವೇರಿದ ವಿಷಯ. ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು. ಹೀಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಷ್ಟು ಸುದ್ದಿ ನನ್ನಲ್ಲೂ ಇತ್ತು. ಬಚ್ಚಲೊಲೆಯ ಮೇಲೆ ಹಂಡೆ ಕೂರಿಸಿದಂತೆ ಒಂದು ಚಿತ್ರ ಬರೆದೆ. ಮೇಲೆ ಒಂದೇ ಗೆರೆಯ ಗುಮ್ಮಟ, ಕೆಳಗೆ ಹಂಡೆ, ಹಂಡೆಯ ಮೇಲೆ ‘ರಿಯಾಕ್ಟರ್’ ಎಂಬ ಹೆಸರು. ‘ಮಾಡು ಇದರ ಮೇಲೆ ಬಿತ್ತು’ ಎಂದೆ.

ಹುಡುಗಿ ಕೂರಲಿಲ್ಲ. ‘ಹಾಗಾದರೆ ಅಪ್ಪ ಎಲ್ಲಿ ನಿಂತಿದ್ದ ಸರ್?’

ಅವಳ ಅಪ್ಪ ಅಲ್ಲಿ ಕೂಲಿ ಕೆಲಸಕ್ಕೆ ಹೋಗುತ್ತಿದ್ದ, ಹೆಗಲ ಮೂಳೆ ಮುರಿದುಕೊಂಡು ಮನೆಯಲ್ಲಿದ್ದ, ಆ ದಿನದ ಬಗ್ಗೆ ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ ಎಂಬುದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ನಾನಂದದ್ದು, ‘ಕೂತ್ಕೋ ತಂಗಿ, ಅದೆಲ್ಲ ಪಾಠದಲ್ಲಿಲ್ಲ.’

ದಸರಾ ರಜೆಗೆ ಮುಂಚೆ ಆತನೇ ಏನೋ ದಾಖಲೆಗೆ ಶಾಲೆಗೆ ಬಂದ. ನಾಚಿಕೆ ಬಿಟ್ಟು ಕೇಳಿದೆ. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಆತ ಬರೆದದ್ದರಲ್ಲಿ ಹಂಡೆಯೇ ಇರಲಿಲ್ಲ. ‘ನೆಲ ಅಂದ್ರೆ ಒಂದೇ ಅಲ್ಲ ಮಾಸ್ತರೇ ಅಲ್ಲಿ. ಮಾಳಿಗೆ ಮೇಲೆ ಮಾಳಿಗೆ, ನಡುವೆ ದೊಡ್ಡ ದೊಡ್ಡ ಬಾವಿ. ನಾ ಬದಿ ಮಾಳಿಗೆ ಅಡಿಗಿದ್ದೆ, ಅದಕ್ಕೇ ಉಳಿದೆ.’ ನಕ್ಷೆ ಓದಲು ಬಾರದ ಮನುಷ್ಯ, ಹತ್ತಿ ಇಳಿದ ಕಾಲುಗಳ ನೆನಪಿನಿಂದಲೇ ಕಟ್ಟಡವನ್ನು ಸೀಳಿ ತೋರಿಸಿದ್ದ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಂಥ ಕಟ್ಟಡಕ್ಕೆ ಗೋಡೆಯೂ ಗುಮ್ಮಟವೂ ಎರಡೆರಡು, ಒಂದರೊಳಗೊಂದು. ರಿಯಾಕ್ಟರಿನ ಪಾತ್ರೆ ಹಂಡೆಯಂತೆ ನಿಂತಿರುವುದಿಲ್ಲ, ಪೀಪಾಯಿಯಂತೆ ಅಡ್ಡ ಮಲಗಿರುತ್ತದೆ. ಅದರಲ್ಲಿ 306 ಅಡ್ಡ ಕೊಳವೆಗಳು. ಎರಡೂ ತುದಿಗಳಲ್ಲಿ ಇಂಧನ ತುಂಬುವ, ತೆಗೆಯುವ ಯಂತ್ರಗಳು. ಎತ್ತರಕ್ಕೆ ನಿಲ್ಲುವವು ನಾಲ್ಕು ಆವಿ ಉತ್ಪಾದಕಗಳು. ಅವನ್ನು ಇಳಿಸಲೆಂದೇ ಗುಮ್ಮಟದಲ್ಲಿ ದೊಡ್ಡ ಕಿಂಡಿಗಳು. ಆ ಮೇ ತಿಂಗಳಲ್ಲಿ ಇಂಧನ ಬರುವುದಕ್ಕೆ ಇನ್ನೂ ವರ್ಷಗಳಿದ್ದವು, ಆದ್ದರಿಂದ ವಿಕಿರಣದ ಮಾತೇ ಇರಲಿಲ್ಲ. ಕಾಳಿ ಹೊಳೆಯ ಮೀನು ತಿನ್ನಬಾರದೆಂದು ಹಬ್ಬಿದ ಸುದ್ದಿಯನ್ನು ನಾನೂ ಒಂದಿಬ್ಬರಿಗೆ ದಾಟಿಸಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಯಾರೂ ಒದೆಯದೆ ಗುಮ್ಮಟ ಕಳಚಿದ್ದೇಕೆ? ಮನೆಯಲ್ಲಿರುವ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದುಕೊಳ್ಳಿ. ಸ್ವಲ್ಪ ಬಾಗಿಸಿ, ಎರಡೂ ಅಂಚುಗಳನ್ನು ಎದುರುಬದುರು ಒತ್ತಿ. ನಡುವೆ ಹಾಳೆಗಳು ಒಂದನ್ನೊಂದು ಬಿಟ್ಟು ಉಬ್ಬುತ್ತವೆ. ಗುಮ್ಮಟದ ಕಾಂಕ್ರೀಟಿನಲ್ಲಿ ಉಕ್ಕಿನ ತಂತಿಕಟ್ಟುಗಳನ್ನು ಹುದುಗಿಸಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಜಗ್ಗಿ ಬಿಗಿಯುತ್ತಾರೆ. ಹುಲ್ಲಿನ ಹೊರೆಗೆ ಬಿಗಿದ ಹಗ್ಗದಂತೆ ಬಾಗಿದ ತಂತಿ ಒಳಕ್ಕೆ ಒತ್ತುತ್ತದೆ, ಅದರ ಮೇಲಿನ ಪದರ ಹೊರಕ್ಕೆ ಉಬ್ಬಲು ನೋಡುತ್ತದೆ. ಎರಡರ ನಡುವೆ ಹೊಲಿಗೆ ಹಾಕಿದಂತೆ ಹಿಡಿಯುವ ಕಬ್ಬಿಣ ಸಾಲದಿದ್ದರೆ ಪದರ ಬಿಡುತ್ತದೆ. ಹೀಗೆ ಅಡಿಯ ಪದರ ಉದುರಿತು. ಮೇಲೆ ನಿಂತು ನೋಡಿದವನಿಗೆ ಈ ಬಿರುಕು ಕಾಣುವಂಥದಲ್ಲ. ಬಲದ ಕಾಂಕ್ರೀಟು, ಹೆಚ್ಚಿನ ಕಬ್ಬಿಣ ಹಾಕಿ ಹೊಸ ಗುಮ್ಮಟ ಕಟ್ಟಿದರು. ಎರಡನೇ ಘಟಕ 1999ರ ಸೆಪ್ಟೆಂಬರಿನಲ್ಲೇ ಚಾಲೂ ಆಯಿತು, ಒಂದನೆಯದು 2000ದಲ್ಲಿ. ತಮ್ಮನ ಮದುವೆ ಮೊದಲಾದಂತೆ! ಅದೇ ಒಂದನೇ ಘಟಕ 2018ರ ಕೊನೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಮಾಡಿತು. ಅದನ್ನೂ ಮಕ್ಕಳಿಗೆ ಹೇಳುತ್ತೇನೆ. ಕಾಡು ಕಳೆದದ್ದನ್ನೂ ಹೇಳುತ್ತೇನೆ.

2011ರ ಮಾರ್ಚಿನಲ್ಲಿ ಫುಕುಶಿಮಾದ ಕಟ್ಟಡಗಳ ಮಾಡು ಹಾರಿ ಕಬ್ಬಿಣದ ಅಸ್ಥಿಪಂಜರ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದಾಗ, ‘ರಿಯಾಕ್ಟರೇ ಸಿಡಿಯಿತಾ ಸರ್?’ ಎಂದರು ಹುಡುಗರು. ಈ ಸಲ ಅವಸರ ಮಾಡಲಿಲ್ಲ. ಅಡಿಕೆ ತುಂಬಿದ ಅಟ್ಟದ ಮಾಡು ಹಾರಿದರೆ ನಡುಮನೆಯ ಗತಿ ಏನಾಯಿತೆಂದು ಅಂಗಳದಿಂದ ಹೇಳಲಾಗದು. ಅಲ್ಲಿ ಸಿಡಿದದ್ದು ಮೇಲೆ ತುಂಬಿಕೊಂಡ ಜಲಜನಕ. ನಾಲ್ಕನೇ ಕಟ್ಟಡದ ರಿಯಾಕ್ಟರಿನಲ್ಲಂತೂ ಆಗ ಇಂಧನವೇ ಇರಲಿಲ್ಲ, ಅದೆಲ್ಲ ಮೇಲಂತಸ್ತಿನ ನೀರಿನ ಕೊಳದಲ್ಲಿತ್ತು. ಆದರೆ ಉಳಿದ ಮೂರರಲ್ಲಿ ಇಂಧನ ಕರಗಿತ್ತು, ಹೊರಗಿನ ಚಿತ್ರದಲ್ಲಿ ಅದು ಕಾಣುತ್ತಿರಲಿಲ್ಲ. ಒಂದನೆಯದರ ಒಳಗು ಬರಿದಾಗಿದೆಯೆಂದು 2015ರಲ್ಲಿ ತೋರಿಸಿಕೊಟ್ಟದ್ದು ಆಕಾಶದಿಂದ ಸುರಿದು ಗೋಡೆಗಳನ್ನೂ ತೂರಿಹೋಗುವ ಮ್ಯುವಾನ್ ಕಣಗಳು.

ಈಗಲೂ ಕೈಗಾದ ಚಿತ್ರ ಬರೆಯುತ್ತೇನೆ. ಎರಡು ಗೆರೆಯ ಗುಮ್ಮಟ, ಮಾಳಿಗೆಗಳು, ಬಾವಿಗಳು, ಮಲಗಿದ ಪೀಪಾಯಿ. ಬದಿಯ ಮಾಳಿಗೆಯ ಅಡಿಗೆ ಕಡ್ಡಿಯಂಥ ಒಬ್ಬ ಮನುಷ್ಯ. ಅವನನ್ನು ಬರೆದ ಮೇಲೆಯೇ ಉಳಿದದ್ದರ ಅಳತೆ ಮಕ್ಕಳಿಗೆ ತಿಳಿಯುವುದು.