ವಿಮಾನದಲ್ಲಿ ಉತ್ತರಪತ್ರಿಕೆ ತಿದ್ದಿದ ಮೇಡಂ

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಓದುವವರಲ್ಲಿ ಹಗಲು ದುಡಿದು ಸಂಜೆ ಪಾಠಕ್ಕೆ ಬರುವವರಿದ್ದಾರೆ, ಮಕ್ಕಳನ್ನು ಮಲಗಿಸಿ ಪುಸ್ತಕ ಹಿಡಿಯುವ ತಾಯಂದಿರಿದ್ದಾರೆ, ಹೊಸದಾಗಿ ಬಂದ ವಲಸಿಗರಿದ್ದಾರೆ. ಕಲಿಸುವವರಲ್ಲೂ ಅನೇಕರು ಬದುಕಿನಲ್ಲಿ ಪಳಗಿದವರೇ. ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿದ ನರ್ಸ್, ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡ ಮೆಕ್ಯಾನಿಕ್ ಅಲ್ಲಿ ಮೇಷ್ಟರಾಗುತ್ತಾರೆ.

ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರನ್ನೇ ನೋಡಿ. ಮೊದಲು ಹೈಸ್ಕೂಲಿನಲ್ಲಿ, ಮನೋರೋಗ ಆಸ್ಪತ್ರೆಯೊಂದರ ಹದಿಹರೆಯದವರಿಗೆ ಪಾಠ ಹೇಳಿದರು. 1993ರಿಂದ ಡೆಲವೇರ್‌ನ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. 2007ರಲ್ಲಿ, 55ನೇ ವಯಸ್ಸಿನಲ್ಲಿ, ಡಾಕ್ಟರೇಟ್ ಪಡೆದರು. ಅದರ ವಿಷಯವೂ ಇಂಥ ಕಾಲೇಜಿನ ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಡದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದೇ!

2009ರಲ್ಲಿ ಗಂಡ ಉಪಾಧ್ಯಕ್ಷರಾದರು. ಈಕೆ ಕೆಲಸ ಬಿಡಲಿಲ್ಲ. ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿಗೆ ಸೇರಿ, ಸರ್ಕಾರಿ ವಿಮಾನದಲ್ಲಿ ಕೂತು ವಿದ್ಯಾರ್ಥಿಗಳ ಪ್ರಬಂಧ ತಿದ್ದಿದರು. 2021ರಲ್ಲಿ ಶ್ವೇತಭವನಕ್ಕೆ ಹೋದ ಮೇಲೂ ಪಾಠ ನಿಲ್ಲಲಿಲ್ಲ. ಅಧ್ಯಕ್ಷರ ಪತ್ನಿಯಾಗಿದ್ದುಕೊಂಡು ಹೊರಗೆ ಸಂಬಳದ ಕೆಲಸ ಮಾಡಿದವರು ಅವರೇ ಮೊದಲಿಗರು. ರಾಜಕೀಯ ಬದಿಗಿರಲಿ, ಈ ನಿಷ್ಠೆ ದೊಡ್ಡದು.

ಆ ಕಾಲೇಜಿನಲ್ಲಿ ಅವರ ಕೊನೆಯ ತರಗತಿ ನಡೆದದ್ದು 2024ರ ಡಿಸೆಂಬರ್‌ನಲ್ಲಿ.