ಹಿಂದಿನ ಮುಚ್ಚಳ

ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮಾವಾ, ಒಂದು ಆಂಪ್ ತಗೊಳ್ಳೋಣ ಅಂತಿದೀನಿ. ಮೂರೂವರೆ ಲಕ್ಷ ಆಗುತ್ತೆ. ಏನಂತೀಯಾ?" ಅಂದ. ನಾನು ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ವಗ್ಗಾಣಿ ಮಿರ್ಚಿ ತಿನ್ನುತ್ತ ಕೂತಿದ್ದೆ. ಮಿರ್ಚಿ ಗಂಟಲಲ್ಲೇ ನಿಂತಿತು. ಆ ದುಡ್ಡಿಗೆ ನಮ್ಮ ಕಡೆ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರ್ ಬರುತ್ತದೆ. ಗಿಟಾರ್ ಅವನ ಹತ್ತಿರ ಆಗಲೇ ಎರಡಿವೆ. ಇದು ಬರೀ ಅದರ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ.

ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಬಳಗದಲ್ಲಿ ಗಿಟಾರ್ ಹಿಡಿದು ಹೆಸರು ಕೆಡಿಸಿಕೊಂಡವರಲ್ಲಿ ನಾನೇ ಮೊದಲಿಗ. ಹಂಪಿಯಿಂದ ಹೊಳೆ ದಾಟಿದರೆ ವಿರುಪಾಪುರ ಗಡ್ಡೆ. ಅಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ವಿದೇಶಿಯರ ಹತ್ತಿರ ಗಿಟಾರೂ ಇರುತ್ತಿತ್ತು, ಅಂಗೈಯಷ್ಟು ದೊಡ್ಡ ಬ್ಯಾಟರಿ ಆಂಪೂ ಇರುತ್ತಿತ್ತು. ಸಂಜೆ ದೋಣಿ ತಪ್ಪಿಸಿಕೊಂಡು ಅಲ್ಲೇ ಉಳಿದ ರಾತ್ರಿಗಳಲ್ಲಿ ನಾನು ಕಲಿತ ನಾಲ್ಕು ಕಾರ್ಡುಗಳೇ ಇವತ್ತಿಗೂ ನನ್ನ ಬಂಡವಾಳ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ 2020ರ ಮಾರ್ಚ್‌ನಲ್ಲಿ ಅಲ್ಲಿನ ಗೆಸ್ಟ್‌ಹೌಸ್‌ಗಳನ್ನೆಲ್ಲ ಕೆಡವಿದರು.

ಹುಡುಗ ಹೇಳಿದ್ದು ಬುಟೀಕ್ ಆಂಪ್ ಅಂತ. ನಮ್ಮೂರಲ್ಲಿ ಬುಟೀಕ್ ಅಂದರೆ ಬ್ಲೌಸ್ ಹೊಲಿಯುವ ಅಂಗಡಿ. ಯೋಚನೆ ಮಾಡಿದರೆ ಇದೂ ಅದೇ: ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಹೊರಬೀಳುವ ಮಾಲಲ್ಲ, ಇಬ್ಬರೋ ನಾಲ್ವರೋ ಕೂತು ಒಂದೊಂದೇ ತಂತಿ ಬೆಸುಗೆ ಹಾಕಿ ಮಾಡಿದ್ದು. ಟ್ರಾನ್ಸಿಸ್ಟರ್ ಬದಲು ಹಳೇ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಆ ವಾಲ್ವ್‌ಗಳು. ನಕ್ಷೆಯೇನೂ ಹೊಸದಲ್ಲ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1960ರ ದಶಕದ ಆರಂಭದಲ್ಲಿ ತನ್ನ ಮೊದಲ ಆಂಪ್ ಮಾಡಿಸಿದ್ದು ಅಮೆರಿಕದ ಫೆಂಡರ್ ಬಾಸ್‌ಮನ್ ನೋಡಿಕೊಂಡು. ಇವತ್ತಿನ ದುಬಾರಿ ಪೆಟ್ಟಿಗೆಗಳು ಬಹುಪಾಲು ಆ ಫೆಂಡರಿನ, ಮಾರ್ಷಲ್ಲಿನ ಇಲ್ಲವೇ ವಾಕ್ಸ್ ಕಂಪನಿಯ ಆಂಪಿನ ಮೊಮ್ಮಕ್ಕಳು.

ಈ ಲೋಕದ ದಂತಕಥೆ ಡಂಬಲ್ ಎಂಬಾತ. ಕ್ಯಾಲಿಫೋರ್ನಿಯಾದಲ್ಲಿದ್ದ, 2022ರಲ್ಲಿ ತೀರಿಕೊಂಡ. ಬದುಕಿಡೀ ಮಾಡಿದ್ದು ಸುಮಾರು ಮುನ್ನೂರು ಆಂಪ್. ನುಡಿಸುವವನ ಕೈ ಹೇಗೆ ಬೀಳುತ್ತದೆಂದು ನೋಡಿ ಅವನ ಅಳತೆಗೆ ಹೊಂದಿಸಿ ಕೊಡುತ್ತಿದ್ದನಂತೆ. ಈಗ ಅವು ಒಂದೊಂದು ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಗುತ್ತವೆ. ಆದರೆ ಆತ ಒಂದು ಕೆಲಸ ಮಾಡುತ್ತಿದ್ದ: ಸರ್ಕ್ಯೂಟ್ ಯಾರಿಗೂ ತಿಳಿಯಬಾರದೆಂದು ಅದರ ಮೇಲೆ ಎಪಾಕ್ಸಿ ಅಂಟು ಸುರಿದು ಮುಚ್ಚಿಬಿಡುತ್ತಿದ್ದ. ಮುಚ್ಚಿಟ್ಟಷ್ಟೂ ಕುತೂಹಲ, ಕುತೂಹಲ ಹೆಚ್ಚಿದಷ್ಟೂ ಬೆಲೆ. ಕೊನೆಗೆ ಜನ ಅಂಟು ಕೆರೆದು ನೋಡಿಯೇ ನೋಡಿದರು. ಒಳಗೆ ಸಿಕ್ಕಿದ್ದು ಎಲ್ಲ ಅಂಗಡಿಯಲ್ಲೂ ಸಿಗುವ ರೆಸಿಸ್ಟರು, ಕೆಪಾಸಿಟರು.

ಇದನ್ನು ಓದಿದಾಗ ನನಗೆ ಹಂಪಿಯ ವಿಜಯ ವಿಠ್ಠಲನ ಗುಡಿ ನೆನಪಾಗಿತ್ತು. ಅಲ್ಲಿನ ಸಂಗೀತ ಕಂಬಗಳ ಮುಂದೆ ನಿಂತು ಗೈಡುಗಳು ಹೇಳುವ ಕಥೆ ನಿಮಗೂ ಗೊತ್ತಿರಬಹುದು: ಬ್ರಿಟಿಷರು ಒಳಗೇನಿದೆ ನೋಡೋಣವೆಂದು ಎರಡು ಕಂಬ ಕತ್ತರಿಸಿದರಂತೆ, ಏನೂ ಇರಲಿಲ್ಲವಂತೆ. ಕಥೆ ನಿಜವೋ ಸುಳ್ಳೋ, ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಕ್ಕೆ ಗೀರೂ ಬೀಳದಂತೆ ಪರೀಕ್ಷಿಸಿ ಅದನ್ನೇ ಹೇಳಿದರು. ಪೊಳ್ಳಿಲ್ಲ, ಗಟ್ಟಿ ಕಲ್ಲು. ತಟ್ಟಿದಾಗ ಕಂಬ ಬಾಗಿ ಕಂಪಿಸುವುದರಿಂದ ನಾದ ಬರುತ್ತದೆ. ಎಷ್ಟು ದಪ್ಪ, ಎಷ್ಟು ಉದ್ದ ಕಡೆಯಬೇಕೆಂದು ಶಿಲ್ಪಿಗೆ ಗೊತ್ತಿತ್ತು, ಗುಟ್ಟು ಅಷ್ಟೇ. ಈಗ ಅವನ್ನು ಮುಟ್ಟಲು ಬಿಡುವುದಿಲ್ಲ. ಒಳ್ಳೆಯದೇ ಆಯಿತು, ನಮ್ಮ ಜನ ನಾಣ್ಯ ತಗೊಂಡು ಕುಟ್ಟುತ್ತಿದ್ದರು.

ನನ್ನ ಹತ್ತಿರವೂ ಒಂದು ಬುಟೀಕ್ ಆಂಪ್ ಇದೆ. ಅಮೆರಿಕದ್ದು, ಕೈಯಲ್ಲೇ ಮಾಡಿದ್ದು, ಹದಿನೆಂಟು ವಾಟ್. ಸಂಡೂರಿನಲ್ಲಿ ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲದಲ್ಲಿ ಅಲ್ಲಿನ ಒಬ್ಬ ಹುಡುಗ ಅದನ್ನು ತರಿಸಿಕೊಂಡಿದ್ದ. ಅವನಪ್ಪನಿಗೆ ಆರು ಲಾರಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಲಾರಿಗಳು ರಸ್ತೆ ಬದಿಗೆ ಸಾಲಾಗಿ ನಿಂತವು, ಕಂತು ಕಟ್ಟುವವರಿಲ್ಲ. ಮರುವರ್ಷ ಆ ಹುಡುಗ ನಲವತ್ತು ಸಾವಿರಕ್ಕೆ ಆಂಪ್ ನನಗೆ ಕೊಟ್ಟ. ಒರೆಸಿದಷ್ಟೂ ಬಟ್ಟೆಗೆ ಕೆಂಪು ಧೂಳು ಹತ್ತುತ್ತಿತ್ತು. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ಹಾಗಾಗಿ ಜೊತೆಗೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನೂ ಕೊಟ್ಟಿದ್ದ.

ಕಮಲಾಪುರದ ಒಂದು ಮದುವೆಯ ಆರತಕ್ಷತೆಗೆ ನುಡಿಸಲು ಹೋದಾಗ ಆ ಸ್ಟೆಪ್‌ಡೌನ್ ಮನೆಯಲ್ಲೇ ಮರೆತೆ. ಲೈಟಿನ ಹುಡುಗ ನೇರ ಪ್ಲಗ್ಗಿಗೆ ಚುಚ್ಚಿದ. ಫ್ಯೂಸ್ ಹೋಗಿ ಅಲ್ಲಿಗೇ ನಿಲ್ಲಬೇಕಿತ್ತು. ಸರಿಯಾದ ಫ್ಯೂಸ್ ಸಿಗಲಿಲ್ಲವೆಂದು ನಾನೇ ಹಿಂದೊಮ್ಮೆ ಅಲ್ಲಿ ತಂತಿ ಸುತ್ತಿದ್ದೆ. ಹೊಗೆ ಬಂತು. ಜನ ಧೂಪವೆಂದುಕೊಂಡರು.

ಮೈಕ್‌ಸೆಟ್ಟಿನವರು ಹೇಳಿದ್ದು ಕೇಳಿ ಕಂಪ್ಲಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಹಳೇ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬ ಚಾಚಾ ಇದ್ದಾರೆ, ಈಗ ಮೈಕ್‌ಸೆಟ್ಟಿನ ಆಂಪ್ಲಿಫೈಯರು, ಹಾರ್ನಿನ ಯೂನಿಟ್ಟು ಸರಿಮಾಡುತ್ತಾರೆ. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದರು. ಎಡಗೈ ಜೇಬಿಗೆ ಹಾಕಿಕೊಂಡರು. ಒಂದು ರೆಸಿಸ್ಟರಿನ ಕಾಲು ಕೆಪಾಸಿಟರಿಗೆ ತಾಗಿಸಿ ಸ್ವಲ್ಪ ಹೊತ್ತು ಹಿಡಿದರು.

"ಕರೆಂಟ್ ತೆಗದ್ರೂ ಇದ್ರಾಗ ಹಾವು ಮಲ್ಕೊಂಡಿರ್ತೈತ್ರಿ ಸಾರ್. ಮುನ್ನೂರು ನಾನೂರು ವೋಲ್ಟು. ಎರಡೂ ಕೈ ಹಾಕಿದ್ರ ಎದಿಗೇ ಹೊಡೀತೈತಿ."

ಆಮೇಲೆ ಟಾರ್ಚ್ ಬಿಟ್ಟು ನೋಡಿದರು. ಮುಖ ಅರಳಿತು. ಪ್ರತಿ ತಂತಿಯೂ ಮೂಲೆಗೆ ಸರಿಯಾಗಿ ಮಡಚಿಕೊಂಡು, ಪ್ರತಿ ಬೆಸುಗೆಯೂ ಹೊಳೆಯುತ್ತ, ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ಓದುವಂತಿತ್ತು. "ಯಾರೋ ಪುಣ್ಯಾತ್ಮ ಮಾಡ್ಯಾನ. ನನ್ನಂಥಾವ ಮುಂದೊಂದಿನ ಬಿಚ್ತಾನಂತ ಗೊತ್ತಿತ್ತು ಅವ್ನಿಗೆ" ಅಂದರು. ಅವರಿಗೆ ಇಂಗ್ಲಿಷ್ ಬಾರದು, ನಕ್ಷೆಯನ್ನು ಕೇಳಲೂ ಇಲ್ಲ. ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಒಂದು ವಾಲ್ವ್ ಹೋಗಿತ್ತು.

ಟ್ರಾನ್ಸ್‌ಫಾರ್ಮರನ್ನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಪಕ್ಕದ ಅಂಗಡಿಗೆ ಕೊಟ್ಟರು. ಕಂಪ್ಲಿಯ ಸುತ್ತ ಭತ್ತ, ಬಾಳೆ, ಕಬ್ಬು. ಮೋಟರ್ ಸುತ್ತುವವರಿಗೆ ಕೆಲಸಕ್ಕೇನು ಕಮ್ಮಿ. ಸುತ್ತುವುದು ಸುತ್ತುತ್ತಾರೆ, 230 ವೋಲ್ಟಿಗೇ ಸುತ್ತಲಿ ಎಂದು ಚಾಚಾ ಹೇಳಿಸಿದರು. ವಾಲ್ವ್‌ಗೆ ತಮ್ಮದೇ ಒಂದು ತಗಡಿನ ಡಬ್ಬಿ ತೆಗೆದರು. ಒಳಗೆ ಬಿಇಎಲ್ ಎಂದು ಬರೆದ ಪುಟ್ಟ ರಟ್ಟಿನ ಪೆಟ್ಟಿಗೆಗಳು. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರುಮಾಡಿತ್ತು. ನನ್ನ ಆಂಪಿಗೆ ಬೇಕಿದ್ದ ಇಸಿಸಿ83 ವಾಲ್ವನ್ನೇ ಅಮೆರಿಕದವರು 12ಎಎಕ್ಸ್7 ಅನ್ನುವುದು. ಈಗ ಹೊರದೇಶದ ಗಿಟಾರಿನವರು ಹುಡುಕಿ ಕೊಳ್ಳುವ ಮಾಲು ಕಂಪ್ಲಿಯ ತಗಡಿನ ಡಬ್ಬಿಯಲ್ಲಿ ಬೆಚ್ಚಗೆ ಕೂತಿತ್ತು. ಎಲ್ಲ ಸೇರಿ ಎರಡು ಸಾವಿರದ ಎಂಟುನೂರು ರೂಪಾಯಿ. ಅವತ್ತಿನಿಂದ ಸ್ಟೆಪ್‌ಡೌನಿನ ಹಂಗಿಲ್ಲ.

ಅದೇ ವರ್ಷ ಗೆಳೆಯನೊಬ್ಬನ ಹೊಸ ಆಂಪಿನ ಜ್ಯಾಕು ಸಡಿಲವಾಯಿತು. ದೊಡ್ಡ ಕಂಪನಿಯದ್ದೇ. ಜ್ಯಾಕು ಬೋರ್ಡಿಗೇ ಅಂಟಿಕೊಂಡಿತ್ತು, ಬೋರ್ಡ್ ಒಡೆದಿತ್ತು, ಆ ಬೋರ್ಡ್ ಈಗ ಬರುವುದಿಲ್ಲವೆಂದರು. ಆ ಆಂಪಿನ ಮೇಲೆ ಅವರ ಮನೆಯಲ್ಲಿ ಈಗ ತುಳಸಿ ಕುಂಡ ಇಟ್ಟಿದ್ದಾರೆ.

ದಸರಾಕ್ಕೆ ಬಂದ ಅಳಿಯನಿಗೆ ಇದನ್ನೆಲ್ಲ ಹೇಳಿದೆ. "ಅದು ರಿಪೇರಿ ವಿಷಯ ಮಾವಾ, ನಾನು ಕೇಳಿದ್ದು ಟೋನ್" ಅಂದ. ಸರಿ, ಪರೀಕ್ಷೆಯೇ ಆಗಲಿ ಎಂದೆ. ಪಕ್ಕದ ಮನೆ ಹುಡುಗನ ಹದಿನೈದು ಸಾವಿರದ ಡಿಜಿಟಲ್ ಆಂಪನ್ನೂ ನನ್ನದನ್ನೂ ಒಂದೇ ಚಾದರದ ಹಿಂದಿಟ್ಟು, ಫೋನಿನಲ್ಲಿ ಡೆಸಿಬೆಲ್ ನೋಡಿ ಎರಡರ ಸದ್ದೂ ಸಮ ಮಾಡಿದೆವು. ಇದು ಮುಖ್ಯ. ತುಸು ಜೋರಾಗಿದ್ದುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ. ಅಂಗಡಿಯಲ್ಲಿ ಕೊಳ್ಳುವವರೆಲ್ಲ ಮೋಸ ಹೋಗುವುದು ಇಲ್ಲೇ. ಇನ್ನೊಂದು ಮೋಸ ವಾಟಿನದು. ಹದಿನೈದು ವಾಟಿಗಿಂತ ಮೂವತ್ತು ವಾಟ್ ಎರಡರಷ್ಟು ಜೋರಲ್ಲ, ಬರೀ ಮೂರು ಡೆಸಿಬೆಲ್ ಹೆಚ್ಚು. ಎರಡರಷ್ಟು ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು.

ನಾನು ನುಡಿಸಿ ಅವನು ಕೇಳಿದಾಗ ಆರರಲ್ಲಿ ಮೂರು ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅವನೇ ನುಡಿಸಿದಾಗ ಮಾತ್ರ ಆರಕ್ಕೆ ಆರೂ ಸರಿ. ವಾಲ್ವ್ ಆಂಪಿನಲ್ಲಿ ತಂತಿಯನ್ನು ಜೋರಾಗಿ ಮೀಟಿದರೆ ಒಳಗಿನ ವೋಲ್ಟೇಜು ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ. ಸದ್ದೂ ಹಾಗೇ ತಗ್ಗಿ ಏಳುತ್ತದೆ. ನುಡಿಸುವವನ ಬೆರಳಿಗೆ ಅದು ತಿಳಿಯುತ್ತದೆ, ಆಚೆ ಕೂತವನಿಗೆ ತಿಳಿಯುವುದು ಕಷ್ಟ. ಅಕ್ಕ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಎರಡೂ ಒಂದೇ ನಮೂನಿ ಕಿರುಗುಡ್ತಾವ. ಯಾವ್ದು ಕಮ್ಮಿ ರೇಟೋ ಅದು ತಗೋ" ಅಂದಳು.

ಅಕ್ಕನ ಪಕ್ಷಕ್ಕೂ ಸಾಕ್ಷಿ ಇದೆ. ಕ್ವೀನ್ ತಂಡದ ಜಾನ್ ಡೀಕನ್ ಕಸದ ರಾಶಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರ್ ಬೋರ್ಡೊಂದನ್ನು ಹಳೇ ಸ್ಪೀಕರ್ ಡಬ್ಬಕ್ಕೆ ಜೋಡಿಸಿದ್ದ. ಒಂಬತ್ತು ವೋಲ್ಟ್ ಬ್ಯಾಟರಿಯ ಆ ಡಬ್ಬವನ್ನು ಅದೇ ತಂಡದ ಗಿಟಾರಿಗ ಬ್ರಯಾನ್ ಮೇ ವರ್ಷಗಟ್ಟಲೆ ರೆಕಾರ್ಡಿಂಗಿಗೆ ಬಳಸಿದ. ನೂರಾರು ಪೌಂಡ್ ಕೊಟ್ಟು ಜನ ಈಗ ಅದರ ನಕಲು ಕೊಳ್ಳುತ್ತಾರೆ. ಕಸವೂ ಬುಟೀಕ್ ಆಯಿತು.

ಹಾಗಾದರೆ ಮೂರೂವರೆ ಲಕ್ಷ? ಮಾರನೆಯ ದಿನ ಅಳಿಯನನ್ನು ಸಂಡೂರಿಗೆ ಕರೆದುಕೊಂಡು ಹೋಗಿ ಲಂಬಾಣಿ ಕಸೂತಿ ತೋರಿಸಿದೆ. ಜಿಐ ಮಾನ್ಯತೆ ಪಡೆದ ಕಸೂತಿ ಅದು. ಅದರಂತೆ ಕಾಣುವ ಮಷೀನ್ ಚೀಲ ಹಂಪಿಯಲ್ಲಿ ಮುನ್ನೂರಕ್ಕೂ ಸಿಗುತ್ತದೆ; ಇಲ್ಲಿ ಕೈಹೊಲಿಗೆಯದಕ್ಕೆ ಸಾವಿರಗಟ್ಟಲೆ. ಅಳಿಯ ಬೆಲೆ ಕೇಳಿ ಹುಬ್ಬೇರಿಸಿದ. ಹೊಲಿಯುತ್ತಿದ್ದ ಹೆಣ್ಣುಮಗಳು ಮುಖವನ್ನೂ ಎತ್ತದೆ, "ತಿರುವಿ ನೋಡಣ್ಣ" ಅಂದಳು. ತಿರುವಿದರೆ ಹಿಂಬದಿಯಲ್ಲೂ ಒಂದು ದಾರ ಜೋತುಬಿದ್ದಿರಲಿಲ್ಲ.

ಅವನು ಆ ಚೀಲವನ್ನು ಚೌಕಾಸಿ ಮಾಡದೆ ಕೊಂಡ. ವಾಪಸು ಬರುವಾಗ ಕಾರಿನಲ್ಲೇ ಆಂಪಿನವರಿಗೆ ಮೇಲ್ ಬರೆಯಲು ಹೇಳಿದೆ: ಹಿಂದಿನ ಮುಚ್ಚಳ ತೆಗೆದು ಒಳಗಿನ ಫೋಟೋ ಕಳಿಸಿ, ಸರ್ಕ್ಯೂಟಿನ ನಕ್ಷೆಯನ್ನೂ ಕೊಡಿ, 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕುತ್ತೀರಾ ತಿಳಿಸಿ. ಕೈಕೆಲಸಕ್ಕೆ ಕೊಡುವ ದುಡ್ಡಾದರೆ ಕೊಡಲಿ, ಅಂಟಿಗೆ ಕೊಡುವುದು ಬೇಡ. ಮೇಲ್ ಹೋಗಿ ಮೂರು ವಾರವಾಯಿತು. ಉತ್ತರ ಬಂದಿಲ್ಲ, ದುಡ್ಡು ಅವನ ಖಾತೆಯಲ್ಲೇ ಇದೆ.