ನಿಂತ ಲಾರಿಯೊಳಗಿನ ಮನುಷ್ಯ

ನಮ್ಮ ಮನೆಗಳಿಗೆ ಬರುವ ಅಕ್ಕಿ, ಬೇಳೆ, ಈರುಳ್ಳಿ, ಮನೆ ಕಟ್ಟಲು ಬೇಕಾದ ಸಿಮೆಂಟು, ಕಬ್ಬಿಣ ಇವೆಲ್ಲವೂ ಯಾರೋ ಒಬ್ಬ ಚಾಲಕನ ನಿದ್ದೆಗೆಟ್ಟ ರಾತ್ರಿಗಳನ್ನು ದಾಟಿ ಬಂದಿರುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ರೈಲು ಇಲ್ಲ. ಇಲ್ಲಿಂದ ಹೊರಡುವ ಅಡಿಕೆಗೂ ಇಲ್ಲಿಗೆ ಬರುವ ದಿನಸಿಗೂ ಲಾರಿಯೇ ಗತಿ. ಆದರೂ ನಮ್ಮ ಕಣ್ಣಿಗೆ ಬೀಳುವುದು ಲಾರಿ ಮಾತ್ರ. ಅದರೊಳಗೆ ಕುಳಿತಿರುವ ಮನುಷ್ಯ ಕಣ್ಣಿಗೆ ಬೀಳುವುದು ಅಪರೂಪ.

ಹೆದ್ದಾರಿಯ ಬದಿಯಲ್ಲಿ ವಾಸಿಸುವ ಕುಟುಂಬಗಳನ್ನು ಭೇಟಿಯಾದಾಗ ನಾನು ಆಗಾಗ ಕೇಳುವ ದೂರೊಂದಿದೆ. ಲಾರಿಗಳು ಇಂಜಿನ್ ಆರಿಸದೆ ಮನೆಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತವೆ, ಹೊಗೆ ಒಳಗೆ ನುಗ್ಗುತ್ತದೆ, ಮಕ್ಕಳು ಕೆಮ್ಮುತ್ತಾರೆ ಎಂಬುದೇ ಆ ದೂರು. ಇದು ನ್ಯಾಯವಾದ ದೂರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ದೊಡ್ಡ ಲಾರಿಯೊಂದು ನಿಂತಲ್ಲಿಯೇ ಇಂಜಿನ್ ಓಡಿಸಿದರೆ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಸುಡುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಒಂದು ಅಂಗುಲವೂ ಮುಂದೆ ಸಾಗದೆ ಇಷ್ಟು ಇಂಧನ ಹೊಗೆಯಾಗಿ ಹೋಗುವುದನ್ನು ಯಾರು ತಾನೇ ಒಪ್ಪಿಯಾರು?

ಈ ಕಾರಣದಿಂದಲೇ ಹಲವು ದೇಶಗಳು ನಿಂತ ವಾಹನದ ಇಂಜಿನ್ ಆರಿಸಬೇಕೆಂದು ಕಾನೂನು ಮಾಡಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಭಾರಿ ಲಾರಿಗಳು 5 ನಿಮಿಷಕ್ಕಿಂತ ಹೆಚ್ಚು ಕಾಲ ಹಾಗೆ ನಿಲ್ಲುವಂತಿಲ್ಲ. ಚಾಲಕ ಮಲಗುವ ಕ್ಯಾಬಿನ್ ಇರುವ ಲಾರಿಗಳಿಗೂ 2008ರಿಂದ ಈ ನಿಯಮ ಅನ್ವಯಿಸಿತು. ನಮ್ಮ ದೆಹಲಿಯಲ್ಲಿ 2020ರಲ್ಲಿ, ಕೆಂಪು ದೀಪ ಕಂಡಾಗ ಇಂಜಿನ್ ಆರಿಸಿರೆಂದು ಸರ್ಕಾರವೇ ಆಂದೋಲನ ನಡೆಸಿತು. ಸಿಗ್ನಲ್ಲಿನಲ್ಲಿ ನಿಲ್ಲುವುದು ಅರೆಗಳಿಗೆಯ ಮಾತು. ಆದರೆ ಹಗಲೆಲ್ಲ ಸರಕು ಇಳಿಸಲು ಕಾಯುವವನಿಗೆ, ರಾತ್ರಿಯೆಲ್ಲ ಓಡಿಸಿ ಹಗಲು ಕಣ್ಣು ಮುಚ್ಚಬೇಕಾದವನಿಗೆ, ಇಂಜಿನ್ ಆರಿದೊಡನೆ ತಂಪೂ ಆರುತ್ತದೆ. ಆಗ ಅವನ ಗತಿಯೇನು? ಈ ಪ್ರಶ್ನೆ ಎದ್ದುದರಿಂದಲೇ ಅಮೆರಿಕದ ಕೆಲವು ರಾಜ್ಯಗಳು ತೀವ್ರ ಚಳಿ ಅಥವಾ ತೀವ್ರ ಸೆಖೆಯ ದಿನಗಳಿಗೆ ವಿನಾಯಿತಿ ನೀಡಿವೆ.

ನಮ್ಮ ಸೀಮೆಯ ಸೆಖೆಯನ್ನು ಲಾರಿಯ ಸೀಟಿನಿಂದ ನೋಡೋಣ. ಹುಬ್ಬಳ್ಳಿಯಿಂದ ಏಪ್ರಿಲ್ ತಿಂಗಳಿನಲ್ಲಿ ಹೊರಟ ಲಾರಿ ಬಯಲಿನ ಒಣ ಬಿಸಿಲನ್ನು ಹೊತ್ತು ಯಲ್ಲಾಪುರದ ಕಾಡನ್ನು ಪ್ರವೇಶಿಸುತ್ತದೆ. ಅರಬೈಲು ಘಟ್ಟದ ತಿರುವುಗಳನ್ನು ಇಳಿದು ಅಂಕೋಲೆಯನ್ನು ಮುಟ್ಟುವಷ್ಟರಲ್ಲಿ ಬಿಸಿಲಿನ ಸ್ವಭಾವವೇ ಬದಲಾಗಿರುತ್ತದೆ. ಬಿಸಿಗಾಳಿಯ ಎಚ್ಚರಿಕೆಗೆ ಹವಾಮಾನ ಇಲಾಖೆ ಬಯಲಿನಲ್ಲಿ 40 ಡಿಗ್ರಿಯನ್ನು ಆಧಾರವಾಗಿ ಇಟ್ಟುಕೊಂಡರೆ, ಕರಾವಳಿಯಲ್ಲಿ 37 ಡಿಗ್ರಿಯನ್ನೇ ಇಟ್ಟುಕೊಂಡಿದೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ದೇಹದ ಉಷ್ಣತೆ 40 ಡಿಗ್ರಿಯನ್ನು ದಾಟಿದರೆ ಬುದ್ಧಿ ಮಂಕಾಗುತ್ತದೆ, ಪ್ರಾಣಕ್ಕೂ ಅಪಾಯ ಬರುತ್ತದೆ. ಮೇಲೆ ಕಾದ ತಗಡು, ಕೆಳಗೆ ಕಾದ ಇಂಜಿನ್, ಎದುರಿಗೆ ಬಿಸಿಲನ್ನು ಒಳಗೆ ಬಿಡುವ ದೊಡ್ಡ ಗಾಜು. ಇವುಗಳ ನಡುವೆ ಕುಳಿತವನು ಸರಿಯಾಗಿ ನಿದ್ರಿಸದೆ ಮತ್ತೆ ಘಟ್ಟವನ್ನು ಹತ್ತಬೇಕಾದರೆ, ಅಪಾಯ ಅವನೊಬ್ಬನದಲ್ಲ. ಎದುರಿನಿಂದ ಬರುವ ಬಸ್ಸಿನಲ್ಲಿರುವ ನಮ್ಮ ಮಕ್ಕಳದೂ ಹೌದು.

ಈ ಸಂಕಟವನ್ನು ಸರ್ಕಾರ ಗುರುತಿಸಿದೆ ಎಂಬುದು ಸಮಾಧಾನದ ಸಂಗತಿ. ಕೇಂದ್ರ ಸಾರಿಗೆ ಸಚಿವಾಲಯವು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗಿಂತ ಹೆಚ್ಚು ತೂಕದ ಸರಕು ವಾಹನಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ದಶಕಗಳ ಕಾಲ ಐಷಾರಾಮವೆಂದು ಎಣಿಸಲಾಗಿದ್ದುದು ಈಗ ಕೆಲಸಗಾರನ ಅಗತ್ಯವೆಂದು ಕಾನೂನಿನಲ್ಲಿ ಬರೆಯಲ್ಪಟ್ಟಿದೆ. ಆದರೆ ಅದಕ್ಕೂ ಮೊದಲು ತಯಾರಾದ ಲಾರಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವು ಇನ್ನೂ ಅನೇಕ ವರ್ಷ ನಮ್ಮ ರಸ್ತೆಗಳಲ್ಲಿ ಓಡಲಿವೆ.

ಹೊಸ ಲಾರಿಯಲ್ಲಿ ಎ.ಸಿ. ಇದ್ದ ಮಾತ್ರಕ್ಕೆ ಚಾಲಕ ತಂಪಾಗಿ ಮಲಗುತ್ತಾನೆಯೇ? ನನ್ನ ಪರಿಚಯದ ಚಾಲಕರೊಬ್ಬರು ಇದಕ್ಕೆ ಕೊಟ್ಟ ಉತ್ತರ ನನ್ನನ್ನು ಯೋಚನೆಗೆ ಹಚ್ಚಿತು. "ಫಾದರ್, ಇಷ್ಟು ಕಿಲೋಮೀಟರಿಗೆ ಇಷ್ಟು ಲೀಟರ್ ಎಂದು ಮಾಲೀಕರು ಡೀಸೆಲ್ ಲೆಕ್ಕ ಹಾಕಿ ಕೊಡುತ್ತಾರೆ. ನಿಂತಲ್ಲಿ ಎ.ಸಿ. ಹಾಕಿಕೊಂಡು ಮಲಗಿದರೆ ಸುಟ್ಟ ಎಣ್ಣೆಯ ಹಣ ನನ್ನ ಸಂಬಳದಿಂದಲೇ ಹೋಗುತ್ತದೆ. ಪೊಲೀಸರು ಬಂದು ಇಂಜಿನ್ ಆರಿಸು ಎನ್ನುವುದು ಬೇಡ, ಲೆಕ್ಕದ ಪುಸ್ತಕವೇ ಆರಿಸುತ್ತದೆ" ಎಂದರು ಅವರು. ಬೇರೆ ದೇಶಗಳಲ್ಲಿ ಕಾನೂನು ಹೇರಿದ ನಿರ್ಬಂಧವನ್ನು ನಮ್ಮಲ್ಲಿ ಡೀಸೆಲ್ ಲೆಕ್ಕವೇ ಹೇರಿಬಿಟ್ಟಿದೆ. ಅದರಲ್ಲಿ ಸೆಖೆಯ ದಿನಕ್ಕೆ ವಿನಾಯಿತಿಯೂ ಇಲ್ಲ.

ಹಾಗಾದರೆ ಅವರು ಮಲಗುವುದೆಲ್ಲಿ? ಹಲವರು ಲಾರಿಯ ಅಡಿಯ ನೆರಳಿನಲ್ಲಿ ಚಾಪೆ ಹಾಸುತ್ತಾರೆ. ಕೆಳಗೆ ಮಲಗಿದವನನ್ನು ಕಾಣದೆ ಯಾರಾದರೂ ವಾಹನವನ್ನು ಕದಲಿಸಿದರೆ ಆ ನಿದ್ದೆಯೇ ಕೊನೆಯ ನಿದ್ದೆ. ಇಂಜಿನ್ ಓಡಿಸುತ್ತ ಕಿಟಕಿ ಮುಚ್ಚಿ ಮಲಗುವುದೂ ನಿರಪಾಯವಲ್ಲ. ಹೊಗೆಕೊಳವೆ ಸೋರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ತುಂಬುತ್ತದೆ. ಉಳಿದವರು ಚಹದಂಗಡಿಯ ಎದುರಿನಲ್ಲೋ ಗುಡ್ಡದ ಬುಡದಲ್ಲೋ ಸಿಕ್ಕ ಜಾಗದಲ್ಲಿ ನಿಲ್ಲಿಸುತ್ತಾರೆ. ಸಿಕ್ಕಲ್ಲಿ ನಿಲ್ಲುವುದರ ಬೆಲೆಯನ್ನು ನಮ್ಮ ಜಿಲ್ಲೆ ಸೆಖೆಯಲ್ಲಿ ಅಲ್ಲ, ಮಳೆಗಾಲದಲ್ಲಿ ಕಂಡಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಬದಿಯ ಚಹದಂಗಡಿಯನ್ನು ನಡೆಸುತ್ತಿದ್ದ ಕುಟುಂಬದವರೂ ಅಲ್ಲಿ ವಾಹನ ನಿಲ್ಲಿಸಿದ್ದ ಚಾಲಕರೂ ಮಣ್ಣುಪಾಲಾದರು. ಕೇರಳದ ಚಾಲಕರೊಬ್ಬರ ದೇಹ ಲಾರಿಯ ಸಮೇತ ಗಂಗಾವಳಿ ನದಿಯ ತಳದಿಂದ ಹೊರಬಂದದ್ದು ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ. ವಿಶ್ರಾಂತಿಗೆ ಸುರಕ್ಷಿತ ಸ್ಥಳ ಒದಗಿಸುವುದು ಉಪಕಾರವಲ್ಲ, ಪ್ರಾಣರಕ್ಷಣೆಯೆಂದು ಆ ದುರಂತ ನಮಗೆ ತಿಳಿಸಬೇಕಿತ್ತು.

ದುಡಿಯುವವನ ವಿಶ್ರಾಂತಿಯ ಕುರಿತು ಧರ್ಮಸಭೆ ಹಿಂದಿನಿಂದಲೂ ಮಾತನಾಡಿದೆ. ಪೋಪ್ ಹದಿಮೂರನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಕೆಲಸದ ಅವಧಿಯನ್ನು ನಿರ್ಧರಿಸುವಾಗ ಋತುಮಾನವನ್ನೂ ಗಣಿಸಬೇಕೆಂದು ತಿಳಿಸಿದರು. ಒಂದು ಕಾಲದಲ್ಲಿ ಸುಲಭವಾದ ದುಡಿಮೆ ಇನ್ನೊಂದು ಕಾಲದಲ್ಲಿ ಅಸಹನೀಯವಾಗಬಲ್ಲದು ಎಂಬುದು ಅವರ ವಿಚಾರ. ಪೋಪ್ ಫ್ರಾನ್ಸಿಸ್ ಅವರು 2015ರ ವಿಶ್ವಪತ್ರದಲ್ಲಿ ಭೂಮಿಯ ನೋವನ್ನೂ ಬಡವರ ನೋವನ್ನೂ ಬೇರೆ ಬೇರೆಯಾಗಿ ಕೇಳಲಾಗದೆಂದು ತೋರಿಸಿದರು. ನಮ್ಮ ಹೆದ್ದಾರಿಗೆ ಇವೆರಡನ್ನೂ ಅನ್ವಯಿಸಿದರೆ ದಾರಿ ಸ್ಪಷ್ಟವಾಗುತ್ತದೆ. ಕೆಮ್ಮುವ ಮಗುವನ್ನು ಉಳಿಸಲು ಬೇಯುವ ಚಾಲಕನನ್ನು ಮರೆಯಬೇಕಿಲ್ಲ; ಚಾಲಕನ ಮೇಲಿನ ಕನಿಕರದಿಂದ ಮಗುವಿಗೆ ಹೊಗೆ ಕುಡಿಸಬೇಕಾಗಿಯೂ ಇಲ್ಲ. ಇಂಜಿನ್ ಆರಿಸು ಎಂದು ಹೇಳುವ ಸಮಾಜ, ಆರಿಸಿದ ಮೇಲೆ ತಲೆಯಿಡಲು ತಂಪಾದ ಜಾಗವನ್ನೂ ತೋರಿಸಬೇಕು. ಮೊದಲನೆಯದನ್ನು ಕೇಳುವ ಹಕ್ಕು ಎರಡನೆಯದನ್ನು ಮಾಡಿದವರಿಗೆ ಮಾತ್ರ.

ಇದು ಅಸಾಧ್ಯವೇನಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕಟ್ಟಡಗಳನ್ನು ನಿರ್ಮಿಸುವುದಾಗಿ ಪ್ರಧಾನಮಂತ್ರಿಯವರು 2024ರ ಫೆಬ್ರವರಿಯಲ್ಲಿ ಘೋಷಿಸಿದರು. ಘಟ್ಟವನ್ನು ಇಳಿಯುವ ಮುನ್ನ ಯಲ್ಲಾಪುರದಲ್ಲಿ ಅಂಥದೊಂದು ಇರಬೇಕೆಂದು ನಾವು ನಮ್ಮ ಪ್ರತಿನಿಧಿಗಳನ್ನು ಕೇಳಬಹುದು. ಮರದ ನೆರಳು, ಕುಡಿಯುವ ನೀರು, ಸ್ನಾನಗೃಹ, ಫ್ಯಾನು ತಿರುಗುವ ಒಂದು ಹಾಲ್ ಇದ್ದರೆ ಇಂಜಿನ್ ತಾನಾಗಿ ಆರುತ್ತದೆ. ನಿಂತ ಲಾರಿಗೆ ವಿದ್ಯುತ್ ತಂತಿ ಜೋಡಿಸಿ ಕ್ಯಾಬಿನ್ನನ್ನು ತಂಪಾಗಿಡುವ ವ್ಯವಸ್ಥೆ ಅಮೆರಿಕದ ಕೆಲವು ಲಾರಿ ತಂಗುದಾಣಗಳಲ್ಲಿದೆ. ರಸ್ತೆ ಅಗಲೀಕರಣಕ್ಕೆ ಉರುಳಿದ ಮರಗಳ ಜಾಗದಲ್ಲಿ ಹೊಸ ಸಸಿಗಳನ್ನು ನೆಡುವುದಕ್ಕಂತೂ ಯಾವ ಯಂತ್ರವೂ ಬೇಡ.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ನಮ್ಮ ಕುಟುಂಬಗಳಲ್ಲಿ ಲಾರಿ ಮಾಲೀಕರಿದ್ದಾರೆ; ಬೇಸಿಗೆಯ ಮೂರು ತಿಂಗಳು ವಿಶ್ರಾಂತಿಯ ಡೀಸೆಲನ್ನು ಅವರು ಚಾಲಕನ ಲೆಕ್ಕಕ್ಕೆ ಹಾಕದಿರಲಿ. ಅಂಗಡಿ, ಗೋದಾಮು ನಡೆಸುವವರಿದ್ದಾರೆ. ಬಂದ ಲಾರಿಯನ್ನು ಮಟಮಟ ಮಧ್ಯಾಹ್ನ ಕಾಯಿಸದೆ ಬೆಳಿಗ್ಗೆಯೇ ಸರಕನ್ನು ಇಳಿಸಿಕೊಳ್ಳಲಿ. ಮನೆ ಕಟ್ಟಿಸುವವರು ಚಿರೆಕಲ್ಲು, ಮರಳು ತಂದವನಿಗೆ ಹಣದ ಜೊತೆಗೆ ಒಂದು ಚೊಂಬು ನೀರು, ಮಜ್ಜಿಗೆ, ಜಗುಲಿಯ ನೆರಳು ಕೊಡಲಿ. ಹೊಗೆಯ ತೊಂದರೆ ಇದ್ದವರು ಕಿಟಕಿಯಿಂದ ಕೂಗುವ ಬದಲು ಹತ್ತಿರ ಹೋಗಿ, "ಅಣ್ಣಾ, ಇಂಜಿನ್ ಆರಿಸಿ, ಬನ್ನಿ, ಇಲ್ಲಿ ನೆರಳಿದೆ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ" ಎನ್ನಲಿ. ಹೀಗೆ ಕರೆದರೆ ನಮ್ಮ ಗಾಳಿಯೂ ಶುದ್ಧವಾದೀತು, ಆ ಮನುಷ್ಯನ ಜೀವವೂ ತಣಿದೀತು.